ವ್ಯಾಪಾರ ಬಿಟ್ಟ ಇಬ್ಬರು, ಅವರ ಹೆಂಡಂದಿರು: ಪುಣೆಯ ಒಂದು ಭಾನುವಾರದ ಕೂಟಕ್ಕೆ ಪೂರ್ತಿ ತಯಾರಿ

ಪುಣೆಯಲ್ಲಿ ನಾಲ್ಕು ಕನ್ನಡದ ಮನೆಯವರು ಒಂದೆಡೆ ಕೂತರೆ ಮಾತು ಸಿನಿಮಾದಿಂದ ಹಾಡಿಗೆ, ಹಾಡಿನಿಂದ ಪುಸ್ತಕಕ್ಕೆ, ಅಲ್ಲಿಂದ ದೇವರ ತನಕ ಹೋಗಿಯೇ ತೀರುತ್ತದೆ. ದೇವರ ವಿಷಯಕ್ಕೆ ಬಂದಾಗ ಮಾತ್ರ ಹರಟೆಯ ಬಿಗಿ ತಪ್ಪುತ್ತದೆ. ‘ಎಲ್ಲ ಅವನಿಚ್ಛೆ’ ಎಂದು ಒಬ್ಬರು, ‘ಅದೆಲ್ಲ ಮನಸ್ಸಿನ ಸಮಾಧಾನ’ ಎಂದು ಇನ್ನೊಬ್ಬರು. ಅಲ್ಲಿಗೆ ಮುಂದೆ ದಾರಿಯಿಲ್ಲ. ತಪ್ಪು ನಂಬುವವರದೂ ಅಲ್ಲ, ನಂಬದವರದೂ ಅಲ್ಲ. ಪ್ರಶ್ನೆಯನ್ನು ಬರಿಗೈಯಲ್ಲಿ ಎತ್ತಿದ್ದೇ ತಪ್ಪು. ಒಂದು ಪದ, ಒಂದೆರಡು ಅಭಂಗ (ಮರಾಠಿ ಸಂತರ ಹಾಡು), ಇಪ್ಪತ್ತು ನಿಮಿಷದ ಸಿನಿಮಾ, ಇವೆಲ್ಲದರಲ್ಲೂ ಬರುವ ಒಬ್ಬ ವ್ಯಕ್ತಿಯನ್ನು ನಡುವೆ ಇಟ್ಟುಕೊಂಡು ಕೂತರೆ ಯಾರೂ ಕೇಳದೆಯೇ ಪ್ರಶ್ನೆ ಏಳುತ್ತದೆ, ಮಾತು ಗಟ್ಟಿಯಾಗಿ ನಿಲ್ಲುತ್ತದೆ. ಆಷಾಢಕ್ಕೆ ಹೊಂದುವ ಅಂಥ ಒಂದು ಕೂಟದ ತಯಾರಿ ಇಲ್ಲಿದೆ. ನಡುವೆ ಇರುವವಳು ಭಕ್ತನ ಹೆಂಡತಿ.

ಈ ವಿಷಯವನ್ನೇ ಆರಿಸಲು ಕಾರಣ ಪುರಂದರದಾಸರು ಮತ್ತು ಮರಾಠಿ ಸಂತ ತುಕಾರಾಮರು. ಇಬ್ಬರೂ ವ್ಯಾಪಾರದವರು, ಇಬ್ಬರೂ ವಿಠ್ಠಲನವರು. ಒಬ್ಬರು ಇದ್ದ ಸಂಪತ್ತನ್ನೆಲ್ಲ ಕೊಟ್ಟು ಹೊರಟವರು, ಇನ್ನೊಬ್ಬರು ಬರಗಾಲದಲ್ಲಿ ಕಳೆದುಕೊಂಡವರು. ಇಬ್ಬರೂ ಆದದ್ದನ್ನು ನೋಡಿ ‘ಒಳ್ಳೆಯದೇ ಆಯಿತು’ ಎಂದು ಹಾಡಿದ್ದಾರೆ, ಆ ಹಾಡುಗಳಲ್ಲಿ ಇಬ್ಬರೂ ಹೆಂಡತಿಯ ಪ್ರಸ್ತಾಪ ಮಾಡಿದ್ದಾರೆ. ದಾಸರ ಕಾಲ ಸಾಂಪ್ರದಾಯಿಕವಾಗಿ 1484ರಿಂದ 1564, ತುಕಾರಾಮರದು ಹದಿನೇಳನೆಯ ಶತಮಾನದ ಮೊದಲ ಅರ್ಧ. ದಾಸರ ಹುಟ್ಟೂರು ಪುಣೆ ಬಳಿಯ ಪುರಂದರಗಡ ಎಂದು ಬಹುಕಾಲದ ನಂಬಿಕೆ, ತೀರ್ಥಹಳ್ಳಿ ತಾಲೂಕಿನ ಆರಗ ಎಂಬುದು ಇನ್ನೊಂದು ವಾದ. ಈ ಚರ್ಚೆಯನ್ನು ಕೂಟದೊಳಕ್ಕೆ ಬಿಟ್ಟುಕೊಂಡರೆ ಸಂಜೆ ಅದರಲ್ಲೇ ಮುಗಿಯುತ್ತದೆ. ಎರಡೂ ವಾದಗಳಿವೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ.

ದಿನ ಗೊತ್ತುಮಾಡುವಾಗ ಪಂಚಾಂಗ ನೋಡಿಕೊಳ್ಳಿ. ಜ್ಯೇಷ್ಠ ಬಹುಳ ಸಪ್ತಮಿಗೆ ದೇಹೂನಿಂದ ತುಕಾರಾಮರ ಪಾಲಖಿ, ಅಂದರೆ ಪಾದುಕೆಗಳ ಪಲ್ಲಕ್ಕಿ, ಪಂಢರಪುರಕ್ಕೆ ಹೊರಡುತ್ತದೆ, ಮರುದಿನ ಅಷ್ಟಮಿಗೆ ಆಳಂದಿಯಿಂದ ಜ್ಞಾನೇಶ್ವರರದು. ತಿಂಗಳು ಅಮಾವಾಸ್ಯೆಗೆ ಮುಗಿಯುವ ಲೆಕ್ಕ ಅವರದೂ ನಮ್ಮದೂ ಒಂದೇ ಆದ್ದರಿಂದ ತಿಥಿ ನಮ್ಮ ಪಂಚಾಂಗದಲ್ಲೇ ಸಿಗುತ್ತದೆ. ಪುಣೆಯಲ್ಲಿ ಎರಡು ರಾತ್ರಿಯ ತಂಗು: ತುಕಾರಾಮರ ಪಾಲಖಿ ನಾನಾ ಪೇಟೆಯ ನಿವಡುಂಗ್ಯಾ ವಿಠೋಬಾ ಗುಡಿಯಲ್ಲಿ, ಜ್ಞಾನೇಶ್ವರರದು ಭವಾನಿ ಪೇಟೆಯ ಪಾಲಖಿ ವಿಠೋಬಾ ಗುಡಿಯಲ್ಲಿ. ಆ ದಿನಗಳಲ್ಲಿ ಊರಿನ ನಡುವಿನ ರಸ್ತೆಗಳು ಮುಚ್ಚಿರುತ್ತವೆ, ಹಿಂಜವಡಿಯಿಂದಲೋ ಚಿಂಚವಡದಿಂದಲೋ ಬರುವವರು ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಪಾಲಖಿಗಳು ಪುಣೆ ಬಿಟ್ಟ ನಂತರದ ಭಾನುವಾರ, ಆಷಾಢ ಶುದ್ಧ ಏಕಾದಶಿಗೆ ಮೊದಲು, ಸರಿಯಾದ ಸಮಯ. ಊರಲ್ಲಿ ‘ಜ್ಞಾನಬಾ ತುಕಾರಾಮ್’ ಇನ್ನೂ ಕಿವಿಯಲ್ಲಿರುತ್ತದೆ, ರಸ್ತೆ ತೆರೆದಿರುತ್ತದೆ.

ಏಕಾದಶಿಯ ದಿನವೇ ಇಟ್ಟುಕೊಳ್ಳಬೇಡಿ. ನಮ್ಮಲ್ಲಿ ಪ್ರಥಮೈಕಾದಶಿಗೆ ನಿರಾಹಾರ ಮಾಡುವ ಮಾಧ್ವರ ಮನೆಗಳಿವೆ, ಮರಾಠಿ ಪದ್ಧತಿಯಂತೆ ಸಾಬೂದಾಣಿ ಖಿಚಡಿ ತಿನ್ನುವ ಮನೆಗಳೂ ಇವೆ. ಒಂದೇ ಕೋಣೆಯಲ್ಲಿ ಒಬ್ಬರು ಉಣ್ಣುತ್ತ ಇನ್ನೊಬ್ಬರು ಉಪವಾಸ ಕೂರುವುದು ಯಾರಿಗೂ ಹಿತವಲ್ಲ.

ಜನ ಆರರಿಂದ ಎಂಟು ಇದ್ದರೆ ಚೆಂದ. ಹತ್ತು ದಾಟಿದರೆ ಸೋಫಾದ ಮೇಲಿನವರದು ಒಂದು ಮಾತು, ಬಾಗಿಲ ಬಳಿಯವರದು ಇನ್ನೊಂದು ಮಾತು ಶುರುವಾಗುತ್ತದೆ. ಆರಕ್ಕಿಂತ ಕಡಿಮೆಯಾದರೆ ಇಬ್ಬರು ಬರದಿದ್ದಾಗ ಕೂಟವೇ ಇಲ್ಲ. ಧಾರವಾಡ, ಬೆಳಗಾವಿ ಕಡೆಯವರು ಒಬ್ಬಿಬ್ಬರಾದರೂ ಇರಲಿ, ಅವರಿಗೆ ಮರಾಠಿ ಮನೆಮಾತಿನಷ್ಟೇ ಸಲೀಸು. ಕರಾವಳಿಯವರೂ ಬೆಂಗಳೂರು-ಮೈಸೂರಿನವರೂ ಇರಲಿ, ಅವರ ಕಿವಿಯಲ್ಲಿ ದೇವರನಾಮ ಕರ್ನಾಟಕಿ ಧಾಟಿಯಲ್ಲಿರುತ್ತದೆ. ಆಗ ‘ಇದರ ನಿಜವಾದ ಧಾಟಿ ಯಾವುದು’ ಎಂಬ ಜಗಳ ಬಂದೇ ಬರುತ್ತದೆ. ಅದಕ್ಕೆ ಉತ್ತರ ಮೊದಲೇ ತಿಳಿದಿರಲಿ: ದಾಸರ ಪದಗಳು ಬಾಯಿಂದ ಬಾಯಿಗೆ ಬಂದವು. ದಾಸರು ಹಾಡಿದ ಮಟ್ಟುಗಳ ಸ್ವರಲಿಪಿ ನಮಗೆ ಉಳಿದುಬಂದಿಲ್ಲ. ಇಂದು ನಾವು ಕೇಳುವ ಹೆಚ್ಚಿನ ಧಾಟಿಗಳು ನಂತರದ ಗಾಯಕರು ಕೂರಿಸಿದವು. ಎರಡು ಧಾಟಿಯಲ್ಲೂ ಹಾಡಿಸಿ, ಯಾವುದು ಸರಿ ಎಂಬ ತೀರ್ಪು ಬೇಡ.

ಓದುವ ಪಠ್ಯಗಳು ಮೂರು. ಇಡೀ ಸಂಜೆ ನಿಲ್ಲುವುದು ಇವುಗಳ ಮೇಲೆ, ಹಾಗಾಗಿ ಹೆಚ್ಚು ಶ್ರಮ ಇಲ್ಲೇ ಹಾಕಿ.

ಮೊದಲನೆಯದು ದಾಸರ ‘ಆದದ್ದೆಲ್ಲಾ ಒಳಿತೇ ಆಯಿತು’. ಚರಣಗಳು ಮೂರು, ಪ್ರತಿ ಚರಣಕ್ಕೆ ಒಂದೊಂದು ವಸ್ತು: ದಂಡಿಗೆ-ಬೆತ್ತ, ಗೋಪಾಳ ಬುಟ್ಟಿ, ತುಳಸಿ ಮಾಲೆ. ದಂಡಿಗೆ ಎಂದರೆ ದಾಸರು ಹೆಗಲಿಗೆ ಹಿಡಿಯುವ ತಂಬೂರಿ, ಗೋಪಾಳ ಬುಟ್ಟಿ ಎಂದರೆ ಮನೆಮನೆಯ ಭಿಕ್ಷೆಗೆ ಒಯ್ಯುವ ಬುಟ್ಟಿ. ಈ ಎರಡನ್ನು ಹುಡುಗರಿಗೆ ಹೇಳಿಕೊಡಬೇಕಾಗುತ್ತದೆ. ಇವನ್ನು ಹಿಡಿಯಲು ನಾಚುತ್ತಿದ್ದೆ, ಗರ್ವಪಡುತ್ತಿದ್ದೆ, ಹೆಂಡತಿ ಹಿಡಿಸಿದಳು, ಅವಳ ಸಂತತಿ ಸಾವಿರವಾಗಲಿ ಎನ್ನುತ್ತಾರೆ ದಾಸರು. ಓದುವಾಗ ಗಮನಿಸಬೇಕಾದ್ದು ಇದು: ಮೊದಲ ಎರಡು ಚರಣಗಳಲ್ಲಿ ಹಿಡಿಸಿದವಳು ಹೆಂಡತಿ, ಮೂರನೆಯದರಲ್ಲಿ ಮಾಲೆ ಹಾಕಿಸಿದವನು ಪುರಂದರ ವಿಠಲ. ಒಂದೇ ಕ್ರಿಯೆ, ಒಂದೇ ಬಗೆಯ ಸಾಲು, ಕರ್ತೃ ಮಾತ್ರ ಬದಲು. ಹೆಂಡತಿ ಮತ್ತು ದೇವರು ಇಲ್ಲಿ ಒಂದೇ ಕೆಲಸ ಹಂಚಿಕೊಂಡಿದ್ದಾರೆ. ಕೆಲವು ಗಾಯಕರು ಸಮಯ ಉಳಿಸಲು ಒಂದು ಚರಣ ಬಿಡುತ್ತಾರೆ. ಹಾಗೆ ಬಿಟ್ಟ ಧ್ವನಿಮುದ್ರಿಕೆ ಹಾಕಿದರೆ ಈ ಕಟ್ಟಡವೇ ಕಾಣುವುದಿಲ್ಲ. ಆದ್ದರಿಂದ ಅಂಕಿತದ ಚರಣ ಇದೆಯೇ ಎಂದು ಮೊದಲೇ ಕೊನೆಯ ತನಕ ಕೇಳಿ ಖಾತ್ರಿ ಮಾಡಿಕೊಳ್ಳಿ.

ಇನ್ನೊಂದು ಎಚ್ಚರ. ಶ್ರೀನಿವಾಸ ನಾಯಕ, ಬಡ ಬ್ರಾಹ್ಮಣ, ಸರಸ್ವತೀಬಾಯಿಯ ಮೂಗುತಿ ಎಂಬ ಕತೆ ನಮಗೆಲ್ಲ ಬಾಯಿಪಾಠ. ಆದರೆ ಅದು ಪರಂಪರೆಯ ಕತೆ. ಈ ಪದದಲ್ಲಿ ಮೂಗುತಿಯ ಸುದ್ದಿಯೇ ಇಲ್ಲ. ಪದ ಹೇಳುವುದು ಎಷ್ಟು, ಕತೆ ಸೇರಿಸಿದ್ದು ಎಷ್ಟು ಎಂದು ಬೇರೆಬೇರೆ ಇಟ್ಟು ನೋಡಿ. ಹಾಗೆ ಬೇರ್ಪಡಿಸಿ ನೋಡಿದರೆ ಭಕ್ತಿ ಕಡಿಮೆಯಾಗುವುದಿಲ್ಲ, ಪದ ಇನ್ನಷ್ಟು ಹತ್ತಿರವಾಗುತ್ತದೆ.

ಎರಡನೆಯದು ತುಕಾರಾಮರ ಅಭಂಗ:

ಬರೇ ಝಾಲೇ ದೇವಾ । ನಿಘಾಲೇ ದಿವಾಳೇ । ಬರೀ ಯಾ ದುಷ್ಕಾಳೇ । ಪೀಡಾ ಕೇಲೀ

ಒಳ್ಳೆಯದೇ ಆಯಿತು ದೇವಾ, ದಿವಾಳಿ ಎದ್ದೆ. ಒಳ್ಳೆಯದೇ, ಈ ಬರಗಾಲ ಕಾಡಿತು. ಅರ್ಥಕ್ಕೆ ಹೋಗುವ ಮೊದಲು ಅಕ್ಷರ ಎಣಿಸಿ. ಬ-ರೇ-ಝಾ-ಲೇ-ದೇ-ವಾ, ಆರು. ನಿ-ಘಾ-ಲೇ-ದಿ-ವಾ-ಳೇ, ಆರು. ಬ-ರೀ-ಯಾ-ದು-ಷ್ಕಾ-ಳೇ, ಆರು, ಒತ್ತಕ್ಷರ ಒಂದೇ ಅಕ್ಷರದ ಲೆಕ್ಕ. ಪೀ-ಡಾ-ಕೇ-ಲೀ, ನಾಲ್ಕು. ದೊಡ್ಡ ಅಭಂಗದ ಛಂದಸ್ಸೇ ಇದು: ಆರು, ಆರು, ಆರು, ನಾಲ್ಕು, ಎರಡನೆಯ ಮತ್ತು ಮೂರನೆಯ ಪಾದಕ್ಕೆ ಪ್ರಾಸ. ಇಲ್ಲಿ ‘ದಿವಾಳೇ’ಗೆ ‘ದುಷ್ಕಾಳೇ’. ಎಂಟೆಂಟು ಅಕ್ಷರದ ಎರಡು ಪಾದಗಳ ಚಿಕ್ಕ ಅಭಂಗ ಇನ್ನೊಂದು ಬಗೆ. ಎಲ್ಲರೂ ಒಮ್ಮೆ ತೊಡೆ ತಟ್ಟಿಕೊಂಡು ಎಣಿಸಿದರೆ ಮರಾಠಿ ಬಾರದವರ ನಾಲಗೆಯೂ ಸಡಿಲವಾಗುತ್ತದೆ. ನಾಲ್ಕಕ್ಷರದ ಕೊನೆಯ ಪಾದದಲ್ಲಿ ಉಸಿರು ಥಟ್ಟನೆ ನಿಲ್ಲುತ್ತದೆ, ಆ ನಿಲುಗಡೆಯಲ್ಲೇ ತುಕಾರಾಮರು ಪೆಟ್ಟು ಕೊಡುವುದು.

ಮುಂದಿನ ನುಡಿಗಳು ಹೀಗೆ ಸಾಗುತ್ತವೆ: ಹೆಂಡತಿ ಕರ್ಕಶೆ, ಒಳ್ಳೆಯದೇ ಆಯಿತು. ಜನರಲ್ಲಿ ಅವಮಾನವಾಯಿತು, ಒಳ್ಳೆಯದೇ. ಹಣ, ದನಕರು ಹೋದವು, ಒಳ್ಳೆಯದೇ. ನಿನ್ನ ಗುಡಿ ಕಟ್ಟಿದೆ, ಮಕ್ಕಳನ್ನೂ ಹೆಂಡತಿಯನ್ನೂ ಕಡೆಗಣಿಸಿದೆ, ಅದೂ ಒಳ್ಳೆಯದೇ ಆಯಿತು. ದಾಸರ ಪದ ಓದಿ ಮುಗಿಸಿದ ಕಿವಿಗೆ ಈ ಸಾಲು ಬಿದ್ದಾಗ ಕೋಣೆಯಲ್ಲಿ ಯಾರಾದರೊಬ್ಬರು ‘ಇದೇನಿದು’ ಎನ್ನುತ್ತಾರೆ. ಚರ್ಚೆಯನ್ನು ಅಲ್ಲೇ ಬಿಚ್ಚಬೇಡಿ. ಮೂರನೆಯ ಪಠ್ಯ ಬಾಕಿ ಇದೆ.

ಅದು ತುಕಾರಾಮರು ತಮ್ಮ ಬದುಕನ್ನು ತಾವೇ ಹೇಳಿಕೊಂಡ ಅಭಂಗ, ‘ಯಾತಿ ಶೂದ್ರ’ ಎಂದು ಶುರುವಾಗುತ್ತದೆ. ಹೇಳಿಕೊಳ್ಳಬಾರದು, ಆದರೆ ಸಂತರಾದ ನೀವು ಕೇಳಿದಿರೆಂದು ಹೇಳುತ್ತೇನೆ ಎಂದು ಸಂಕೋಚದಿಂದಲೇ ಆರಂಭಿಸುತ್ತಾರೆ. ಅಪ್ಪ-ಅಮ್ಮ ಹೋದದ್ದು ಹೇಳಿ, ಮುಂದಿನ ನುಡಿಯಲ್ಲಿ ಬರದಿಂದ ಹಣ ಕರಗಿತು, ಮಾನ ಹೋಯಿತು, ಹೆಂಡತಿಯೊಬ್ಬಳು ‘ಅನ್ನ ಅನ್ನ’ ಎನ್ನುತ್ತ ಸತ್ತಳು ಎನ್ನುತ್ತಾರೆ. ಇದು 1630ರ ಸುಮಾರಿಗೆ ದಖ್ಖನವನ್ನು ಸುಟ್ಟ ಕ್ಷಾಮ. ಸತ್ತವಳು ಮೊದಲ ಹೆಂಡತಿ ರಖಮಾ. ‘ಕರ್ಕಶೆ’ ಎಂದು ಜನ ಗುರುತಿಸುವುದು ಎರಡನೆಯವಳಾದ ಜೀಜಾಯಿಯನ್ನು, ಅವಳಿಗೆ ಆವಲಿ ಎಂದೂ ಹೆಸರು, ಪುಣೆಯ ಗುಳವೆ ಮನೆತನದ ಮಗಳೆಂದು ಪರಂಪರೆ. ಕೂಟದಲ್ಲಿ ಈ ಇಬ್ಬರನ್ನು ಒಬ್ಬಳೇ ಎಂದುಕೊಂಡು ಮಾತಾಡುವ ತಪ್ಪು ಬಹಳ ಸಾಮಾನ್ಯ. ಎಲ್ಲರಿಗೂ ಹಂಚುವ ಪಠ್ಯದ ಹಾಳೆಯ ಮೇಲ್ತುದಿಯಲ್ಲೇ ಎರಡು ಹೆಸರನ್ನೂ ಬರೆದಿಡಿ.

ಈ ಮೂರನೆಯ ಅಭಂಗ ಓದಿದ ಮೇಲೆ ಎರಡನೆಯದನ್ನು ಇನ್ನೊಮ್ಮೆ ಓದಿಸಿ. ಇಡೀ ಸಂಜೆಯ ಮುಖ್ಯ ಹೆಜ್ಜೆ ಇದೇ, ಸಮಯ ಸಾಲದಿದ್ದರೆ ಬೇರೆ ಏನನ್ನಾದರೂ ಬಿಡಿ, ಇದನ್ನು ಬಿಡಬೇಡಿ. ಅನ್ನವಿಲ್ಲದೆ ಹೆಂಡತಿ ಸತ್ತ ಮನುಷ್ಯ ‘ಬರಗಾಲ ಕಾಡಿತು, ಒಳ್ಳೆಯದೇ ಆಯಿತು’ ಎನ್ನುತ್ತಿದ್ದಾನೆ ಎಂದು ಗೊತ್ತಾದ ಮೇಲೆ ಅದೇ ಸಾಲು ಬೇರೆಯಾಗಿ ಕೇಳಿಸುತ್ತದೆ. ಅದು ವೈರಾಗ್ಯವೇ, ದೇವರ ಮೇಲಿನ ಸಿಟ್ಟೇ, ತಾಳಲಾರದ ದುಃಖವನ್ನು ತಾಳಿಕೊಳ್ಳುವ ದಾರಿಯೇ? ನನ್ನ ಓದಿನಲ್ಲಿ ಮೂರೂ ಇವೆ, ಸಿಟ್ಟಿನ ಪಾಲು ಸಣ್ಣದಲ್ಲ. ‘ದೇವಾ’ ಎಂಬ ಕರೆ ಮೊದಲ ಪಾದದಲ್ಲೇ ಬಂದಿರುವುದು ಸುಮ್ಮನೆ ಅಲ್ಲ, ಆತ ಹೇಳುತ್ತಿರುವುದು ನಮಗಲ್ಲ, ಅವನಿಗೆ.

ಹೆಂಡತಿಯ ಸಾವನ್ನೇ ‘ಬಿಡುಗಡೆ’ ಎನ್ನುವ ಇನ್ನೊಂದು ಅಭಂಗ ತುಕಾರಾಮರ ಅಭಂಗಗಳ ಸಂಗ್ರಹವಾದ ಗಾಥೆಯಲ್ಲಿದೆ. ಮೊದಲ ಕೂಟಕ್ಕೆ ಅದು ಬೇಡ. ಬರುವವರಲ್ಲಿ ಇತ್ತೀಚೆಗೆ ಮನೆಯವರನ್ನು ಕಳೆದುಕೊಂಡವರಿದ್ದರೆ ಈ ವಿಷಯವೇ ಬೇಕೇ ಎಂದು ಅವರನ್ನು ಮೊದಲೇ ಕೇಳಿ, ಹಾಳೆಯನ್ನು ಮುಂಚಿತವಾಗಿ ಕಳಿಸಿ. ಅರಿಯದೆ ಬಂದು ಕೂತವರ ಮುಂದೆ ಇಂಥ ಸಾಲು ಹಠಾತ್ತನೆ ಓದುವುದು ಕ್ರೌರ್ಯವಾಗುತ್ತದೆ.

ಗಾಥೆಯ ಪ್ರತಿಗಳು ಅಪ್ಪಾ ಬಳವಂತ ಚೌಕದ ಪುಸ್ತಕದ ಅಂಗಡಿಗಳಲ್ಲಿ ಸಿಗುತ್ತವೆ. ನಾಲ್ಕೂವರೆ ಸಾವಿರಕ್ಕೂ ಮಿಕ್ಕಿದ ಅಭಂಗಗಳು, ಪ್ರತಿಯಿಂದ ಪ್ರತಿಗೆ ಸಂಖ್ಯೆ ಬೇರೆ. ಆದ್ದರಿಂದ ಸಂಖ್ಯೆ ಹಿಡಿದು ಹುಡುಕಬೇಡಿ, ಹಿಂದೆ ಅಕಾರಾದಿಯಲ್ಲಿ ಮೊದಲ ಸಾಲು ನೋಡಿ. ಪಾಠಾಂತರ ಇರುತ್ತದೆ: ಹಳೆಯ ಪ್ರತಿಗಳಲ್ಲಿ ‘ಜಾಲೇ’, ಹಾಡುವವರ ಬಾಯಲ್ಲಿ ‘ಝಾಲೇ’. ದಾಸರ ಪದಗಳಿಗೂ ಇದೇ ಮಾತು, ಎರಡು ಸಂಕಲನ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸವಿದ್ದರೆ ಎರಡನ್ನೂ ಹಾಳೆಯಲ್ಲಿ ಕೊಡಿ. ಹಾಳೆ ಎ4 ಅಳತೆ, ಅಕ್ಷರ 16 ಪಾಯಿಂಟ್. ಅದಕ್ಕಿಂತ ಚಿಕ್ಕದಾದರೆ ಹಿರಿಯರು ಕನ್ನಡಕ ಹುಡುಕುತ್ತಾರೆ. ಒಂದು ಮಗ್ಗುಲಲ್ಲಿ ಪದ, ಇನ್ನೊಂದು ಮಗ್ಗುಲಲ್ಲಿ ಕನ್ನಡ ಲಿಪಿಯಲ್ಲಿ ಅಭಂಗಗಳು, ಪ್ರತಿ ನುಡಿಯ ಕೆಳಗೆ ಸರಳ ಕನ್ನಡದ ಅರ್ಥ, ಅಂಚಿನಲ್ಲಿ ಸಾಲಿನ ಸಂಖ್ಯೆ. ಮರಾಠಿಯ ಚ, ಜ, ಝಗಳಿಗೆ ಎರಡೆರಡು ಉಚ್ಚಾರವಿದೆ. ಹಲ್ಲಿಗೆ ತಾಗುವ ಉಚ್ಚಾರವಿರುವ ಕಡೆ ಅಕ್ಷರದ ಕೆಳಗೆ ಒಂದು ಚುಕ್ಕೆ ಇಟ್ಟರೆ ಓದುವವರು ತಡವರಿಸುವುದಿಲ್ಲ. ತಲಾ ಒಂದು ಪ್ರತಿ, ಮೇಲೆ ಎರಡು ಹೆಚ್ಚು. ಫೋನಿನಲ್ಲೇ ನೋಡಿಕೊಳ್ಳಿ ಎಂದರೆ ಐದು ನಿಮಿಷದಲ್ಲಿ ಅರ್ಧ ಜನ ಬೇರೆ ಏನನ್ನೋ ನೋಡುತ್ತಿರುತ್ತಾರೆ.

ಹಾಡು. ಕನ್ನಡ ಪದಕ್ಕೂ ಮರಾಠಿ ಅಭಂಗಕ್ಕೂ ಒಂದೇ ಕಂಠ ಬೇಕೆಂದರೆ ಭೀಮಸೇನ ಜೋಶಿಯವರಿದ್ದಾರೆ. ಗದಗ ಸೀಮೆಯಲ್ಲಿ 1922ರಲ್ಲಿ ಹುಟ್ಟಿ ಪುಣೆಯಲ್ಲೇ ನೆಲೆಸಿ 2011ರಲ್ಲಿ ಇಲ್ಲೇ ತೀರಿಕೊಂಡವರು. ಕುಂದಗೋಳದ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ ಇವರು ಪುಣೆಯಲ್ಲಿ ನಡೆಸಿದ ಉತ್ಸವ 1953ರಿಂದ ಬಂದಿದೆ. ಅವರ ಒಂದು ದಾಸರ ಪದ, ಒಂದು ತುಕಾರಾಮರ ಅಭಂಗ, ಎರಡೇ ಸಾಕು. ಅವು ಓದುವ ಪದ-ಅಭಂಗಗಳೇ ಆಗಿರಬೇಕೆಂದಿಲ್ಲ. ಓದುವ ಪದವನ್ನು ಕೂಟದಲ್ಲೇ ಯಾರಾದರೂ ಹಾಡಿದರೆ ಧ್ವನಿಮುದ್ರಿಕೆಗಿಂತ ಅದೇ ಮೇಲು. ಪ್ರತಿಯೊಂದನ್ನೂ ಎರಡು ಸಲ ಕೇಳಿಸಿ. ಮೊದಲ ಸಲ ಕೈಯಲ್ಲಿ ಹಾಡಿನ ಸಾಲುಗಳ ಹಾಳೆ ಇರಬಾರದು, ಎರಡನೆಯ ಸಲ ಇರಲಿ. ಮೊದಲೇ ಹಾಳೆ ಕೊಟ್ಟರೆ ಕಣ್ಣು ಓದುತ್ತದೆ, ಕಿವಿ ಸುಮ್ಮನಾಗುತ್ತದೆ. ಎರಡನೆಯ ಸಲ ತಬಲಾದ ಎಂಟು ಮಾತ್ರೆಯ ಭಜನಿ ಠೇಕಾವನ್ನು ಬೆರಳಿನಲ್ಲಿ ಎಣಿಸಲು ಹೇಳಿ, ಗಾಯಕರು ಮಾತನ್ನು ಎಲ್ಲಿ ಎಳೆದು ಎಲ್ಲಿ ಬಿಡುತ್ತಾರೆಂದು ಆಗ ತಿಳಿಯುತ್ತದೆ.

ಸ್ಪೀಕರನ್ನು ನೆಲದ ಮೇಲೆ ಇಡಬೇಡಿ, ಮೂಲೆಗೂ ತಳ್ಳಬೇಡಿ. ಮೂಲೆಯಲ್ಲಿ ತಗ್ಗಿನ ಸ್ವರಗಳು ಗುಂಯ್‌ಗುಡುತ್ತವೆ, ತಂಬೂರಿ ಮಸುಕಾಗುತ್ತದೆ. ಕೂತವರ ಕಿವಿಯ ಎತ್ತರಕ್ಕೆ, ಗೋಡೆಯಿಂದ ಒಂದಡಿ ಮುಂದೆ ಮೇಜಿನ ಮೇಲೆ ಇಡಿ. ಬಾಸ್ ಹೆಚ್ಚಿಸುವ, ಸರೌಂಡ್ ಮಾಡುವ ಆಯ್ಕೆಗಳನ್ನೆಲ್ಲ ಆರಿಸಿ. ಹಳೆಯ ಮುದ್ರಿಕೆಗಳು ಮೋನೊ, ಅವುಗಳ ಜೀವ ನಡುವಿನ ಸ್ವರಗಳಲ್ಲಿದೆ. ಹಾಡನ್ನು ಮೊದಲೇ ಇಳಿಸಿಕೊಂಡು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಿ. ಆಲಾಪದ ನಡುವೆ ಜಾಹೀರಾತು ಬಂದರೆ ಕಟ್ಟಿದ್ದೆಲ್ಲ ಒಡೆಯುತ್ತದೆ.

ಸಿನಿಮಾ ಓದಿನ ನಂತರವೇ. ಮೊದಲು ಸಿನಿಮಾ ತೋರಿಸಿದರೆ ಎಲ್ಲರ ಕಣ್ಣಲ್ಲಿ ಆ ಮುಖಗಳೇ ಉಳಿದು, ಆಮೇಲೆ ಓದುವ ಪ್ರತಿ ಸಾಲೂ ನಟನ ಬಾಯಿಂದ ಬಂದಂತೆ ಕೇಳುತ್ತದೆ. ಚಿತ್ರ ಪ್ರಭಾತ್ ಕಂಪನಿಯ 1936ರ ‘ಸಂತ ತುಕಾರಾಮ್’, ದಾಮಲೆ ಮತ್ತು ಫತ್ತೇಲಾಲ್ ನಿರ್ದೇಶನದ್ದು, ವಿಷ್ಣುಪಂತ ಪಾಗನೀಸ್ ತುಕಾರಾಮರು, ಗೌರಿ ಜೀಜಾಯಿ. ವೆನಿಸ್ ಚಿತ್ರೋತ್ಸವದಲ್ಲಿ 1937ರಲ್ಲಿ ಮನ್ನಣೆ ಪಡೆದ ಚಿತ್ರ. ತಯಾರಾದದ್ದು ಈ ಊರಲ್ಲೇ, ಇಂದು ಎಫ್‌ಟಿಐಐ (ಚಲನಚಿತ್ರ ತರಬೇತಿ ಸಂಸ್ಥೆ) ಇರುವ ಪ್ರಭಾತ್ ಸ್ಟುಡಿಯೊದ ಜಾಗದಲ್ಲಿ. ನಮ್ಮ ಕಾನೂನಿನಲ್ಲಿ ಚಿತ್ರದ ಹಕ್ಕು ತೆರೆಕಂಡ ಮುಂದಿನ ವರ್ಷದಿಂದ 60 ವರ್ಷ, ಆದ್ದರಿಂದ ಇದು 1997ರಿಂದ ಸಾರ್ವಜನಿಕರದು. ನಿಶ್ಚಿಂತೆಯಿಂದ ತೋರಿಸಬಹುದು.

ಚಿತ್ರ ಎರಡು ಗಂಟೆಗೂ ಹೆಚ್ಚು. ಕೂಟದಲ್ಲಿ ಪೂರ್ತಿ ಹಾಕಿದರೆ ಮಾತಿಗೆ ಸಮಯವಿಲ್ಲ, ತುಣುಕು ಮಾತ್ರ ತೋರಿಸಿದರೆ ಚಿತ್ರಕ್ಕೆ ಅನ್ಯಾಯ. ವಾರ ಮೊದಲೇ ಎಲ್ಲರೂ ಮನೆಯಲ್ಲಿ ಪೂರ್ತಿ ನೋಡಿಕೊಂಡು ಬರಲಿ, ಅಂದು ಎರಡು ಭಾಗ ಮಾತ್ರ, ಒಟ್ಟು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಒಂದು, ಮಗುವಿಗೆ ಕಾಯಿಲೆಯಾದಾಗ ಜೀಜಾಯಿ ಅದನ್ನು ಎಳೆದುಕೊಂಡು ಗುಡಿಗೆ ನುಗ್ಗಿ, ಕೈಯಲ್ಲಿ ಚಪ್ಪಲಿ ಹಿಡಿದು ವಿಠೋಬನನ್ನು ಬೈಯುವ ಭಾಗ. ಇನ್ನೊಂದು, ತುಕಾರಾಮರು ವೈಕುಂಠಕ್ಕೆ ಹೊರಡುವ, ಅವಳು ಮಕ್ಕಳೊಂದಿಗೆ ಇಲ್ಲೇ ಉಳಿಯುವ ಕೊನೆ. ಪ್ರತಿಯಿಂದ ಪ್ರತಿಗೆ ಚಿತ್ರದ ಉದ್ದ ತುಸು ಬೇರೆ ಇರುವುದರಿಂದ, ನೀವು ತೋರಿಸುವ ಪ್ರತಿಯಲ್ಲೇ ನಿಮಿಷ ಗುರುತು ಮಾಡಿಕೊಳ್ಳಿ.

ಎಂಟು ಜನಕ್ಕೆ 43 ಇಂಚಿನ ಟಿವಿ ಸಾಕು, ಎಲ್ಲರೂ ಎಂಟು ಅಡಿಯೊಳಗೆ ಕೂರಬೇಕು. ಚಿತ್ರದ ಚೌಕಟ್ಟು ಹೆಚ್ಚುಕಡಿಮೆ 4:3. ಟಿವಿ ಅದನ್ನು ಅಗಲಕ್ಕೆ ಎಳೆದರೆ ಮುಖಗಳು ಚಪ್ಪಟೆಯಾಗುತ್ತವೆ, ಆದ್ದರಿಂದ ಚಿತ್ರದ ಅಳತೆಯನ್ನು ‘ಒರಿಜಿನಲ್’ಗೆ ಹಾಕಿ. ಎರಡು ಬದಿ ಕಪ್ಪು ಪಟ್ಟಿ ಬಂದರೆ ಅದೇ ಸರಿ. ಚಲನೆಯನ್ನು ನುಣುಪು ಮಾಡುವ ಆಯ್ಕೆಯನ್ನೂ ಆರಿಸಿ, ಹಳೆಯ ಚಿತ್ರಕ್ಕೆ ಅದು ಧಾರಾವಾಹಿಯ ಬಣ್ಣ ಬಳಿಯುತ್ತದೆ. ಆ ಕಾಲದ ಮರಾಠಿ, ಗೀಚು ಸದ್ದು ಎರಡೂ ಸೇರಿ ಮಾತು ಹಿಡಿಯುವುದು ಕಷ್ಟ. ಮರಾಠಿ ಬಲ್ಲವರೊಬ್ಬರು ಎರಡೂ ಭಾಗದ ಸಾರವನ್ನು ಹತ್ತು ಸಾಲಿನಲ್ಲಿ ಕನ್ನಡದಲ್ಲಿ ಬರೆದು ಮೊದಲೇ ಓದಿಬಿಡಲಿ. ನಡುನಡುವೆ ಅನುವಾದ ಹೇಳುತ್ತ ಹೋದರೆ ಗೌರಿಯವರ ದನಿ ಕೇಳುವುದೇ ಇಲ್ಲ, ನೋಡಬೇಕಾದ್ದು ಅವರನ್ನೇ.

ಈ ಚಿತ್ರದ ‘ಆಧೀ ಬೀಜ ಏಕಲೇ’ ಹಾಡು ತುಕಾರಾಮರದಲ್ಲ, ಚಿತ್ರಕ್ಕಾಗಿ ಶಾಂತಾರಾಮ ಆಠವಲೆಯವರು ಬರೆದದ್ದು. ಧಾಟಿ ಎಷ್ಟು ಹೊಂದಿತೆಂದರೆ ಬಲ್ಲವರೂ ಅದನ್ನು ಗಾಥೆಯಲ್ಲಿ ಹುಡುಕಿದ್ದರಂತೆ. ಯಾರಾದರೂ ಅದನ್ನು ಸಂತವಾಣಿ ಎಂದು ಉದಾಹರಿಸಿದರೆ ಮೆಲ್ಲಗೆ ತಿಳಿಸಿ. ಮರಾಠಿ ತೀರಾ ದೂರವೆನ್ನುವ ಮನೆಗಳಿಗೆ ರಾಜಕುಮಾರ್ ಅವರ ‘ಭಕ್ತ ಕುಂಬಾರ’ (1974) ಇದೆ. ಕತೆ ಮರಾಠಿ ಸಂತ ಗೋರಾ ಕುಂಬಾರನದೇ, ಪ್ರಶ್ನೆಯೂ ಅದೇ: ಭಜನೆಯಲ್ಲಿ ಮೈಮರೆತ ಅಪ್ಪನ ಕಾಲ ಕೆಳಗೆ ಮಗು ಸತ್ತರೆ ತಾಯಿ ಏನು ಮಾಡಬೇಕು? ಚಿಕ್ಕ ಮಕ್ಕಳಿರುವ ಕೂಟದಲ್ಲಿ ಆ ಭಾಗ ಬೇಡ. ಅದರ ‘ಮಾನವ ಮೂಳೆ ಮಾಂಸದ ತಡಿಕೆ’ಯೂ ಸಿನಿಮಾಕ್ಕೆ ಬರೆದ ಹಾಡೇ, ಅಂಕಿತ ಹುಡುಕಿದರೆ ಸಿಗುವುದಿಲ್ಲ. ಈ ಚಿತ್ರದ ಹಕ್ಕಿನ ಅವಧಿ ಇನ್ನೂ ಮುಗಿದಿಲ್ಲ, ಅಧಿಕೃತ ಜಾಗದಲ್ಲೇ ನೋಡಿ.

ವೇಳೆ ನಾಲ್ಕರಿಂದ ಏಳೂಕಾಲು. ನಾಲ್ಕೂಕಾಲಕ್ಕೆ ಹಾಡು, ನಾಲ್ಕು ನಲವತ್ತಕ್ಕೆ ಓದು, ಐದೂ ಇಪ್ಪತ್ತಕ್ಕೆ ಸಿನಿಮಾ, ಆಮೇಲೆ ಹದಿನೈದು ನಿಮಿಷ ಚಹಾ-ತಿಂಡಿ, ಆರರಿಂದ ಮಾತು.

ತಿಂಡಿಗೆ ಖಿಚಡಿ ಮಾಡುವುದಾದರೆ ಎಂಟು ಜನಕ್ಕೆ ಅರ್ಧ ಕಿಲೋ ಸಾಬೂದಾಣಿ, ಕಾಲು ಕಿಲೋ ಹುರಿದು ತರಿತರಿಯಾಗಿ ಪುಡಿ ಮಾಡಿದ ಶೇಂಗಾ, ನಾಲ್ಕು ಆಲೂಗಡ್ಡೆ, ಎಂಟು ಹಸಿಮೆಣಸಿನಕಾಯಿ. ನೀರು ತಿಳಿಯಾಗುವ ತನಕ ತೊಳೆದು, ಕಾಳಿನ ಮಟ್ಟಕ್ಕೆ ಮಾತ್ರ ನೀರಿಟ್ಟು ನಾಲ್ಕೈದು ಗಂಟೆ ನೆನೆಸಿ. ಬೆರಳಿನಲ್ಲಿ ಒತ್ತಿದರೆ ಒಳಗೆ ಗಟ್ಟಿ ಸಿಗಬಾರದು. ನೀರು ಹೆಚ್ಚಾದರೆ ಬಾಣಲೆಯಲ್ಲಿ ಮುದ್ದೆಯಾಗುತ್ತದೆ. ಶೇಂಗಾ ಪುಡಿಯನ್ನು ಒಲೆಗೆ ಹಾಕುವ ಮುಂಚೆಯೇ ಕಾಳಿಗೆ ಹೊರಳಿಸಿದರೆ ಅಂಟು ಹಿಡಿಯುವುದಿಲ್ಲ.

ಇನ್ನು ಮಾತು. ‘ದೇವರಿದ್ದಾನೆಯೇ’, ‘ಭಕ್ತಿ ದೊಡ್ಡದೋ ಸಂಸಾರವೋ’ ಎಂದು ಶುರು ಮಾಡಬೇಡಿ. ಹಾಳೆಯಿಂದ ಶುರು ಮಾಡಿ. ದಾಸರ ಪದದಲ್ಲಿ ಹೆಂಡತಿ ಮಾಡಿದ ಕೆಲಸ ಯಾವುದು, ತುಕಾರಾಮರ ಅಭಂಗದಲ್ಲಿ ಅವಳು ಏನಾದರೂ ಮಾಡುತ್ತಾಳೆಯೇ, ಇಲ್ಲ ಅವಳಿಗೆ ಆಗುವುದಷ್ಟೇ ಇದೆಯೇ? ಇಬ್ಬರೂ ‘ಒಳ್ಳೆಯದಾಯಿತು’ ಎಂದರು, ಯಾರಿಗೆ ಒಳ್ಳೆಯದಾಯಿತು? ಜೀಜಾಯಿ ಚಪ್ಪಲಿ ಹಿಡಿದು ನಿಂತದ್ದು ದೇವರನ್ನು ನಂಬಿಯೋ, ನಂಬದೆಯೋ? ಈ ಕೊನೆಯ ಪ್ರಶ್ನೆಯೊಂದೇ ಅರ್ಧ ಗಂಟೆ ನಡೆಯುತ್ತದೆ. ಇಲ್ಲದವನನ್ನು ಯಾರೂ ಬೈಯಲು ಹೋಗುವುದಿಲ್ಲ ಎಂಬುದು ನನ್ನ ಮತ. ಅವಳದು ಗಂಡನದಕ್ಕಿಂತ ಕಡಿಮೆ ನಂಬಿಕೆಯಲ್ಲ, ಲೆಕ್ಕ ಕೇಳುವ ನಂಬಿಕೆ. ಕೋಣೆಯಲ್ಲಿ ಇದನ್ನು ಒಪ್ಪದವರು ಖಂಡಿತ ಇರುತ್ತಾರೆ, ಇರಬೇಕು.

ಮಾತು ಕೆಡುವುದು ಸಾಮಾನ್ಯವಾಗಿ ಒಬ್ಬ ಬಲ್ಲವರಿಂದ. ಅವರಿಗೆ ದ್ವೈತವೂ ಗೊತ್ತು, ಪಂಢರಪುರಕ್ಕೆ ನಡೆದು ಹೋಗುವ ವಾರಕರಿ ಪಂಥವೂ ಗೊತ್ತು, ಒಮ್ಮೆ ಶುರು ಮಾಡಿದರೆ ಇಪ್ಪತ್ತು ನಿಮಿಷ. ಅಂಥವರನ್ನು ದೂರ ಇಡಬೇಡಿ, ಅವರು ಬೇಕು. ಅವರಿಗೆ ಮೊದಲೇ ಒಂದು ಕೆಲಸ ಒಪ್ಪಿಸಿ: ಮೂರನೆಯ ಅಭಂಗದ ಹಿನ್ನೆಲೆಯನ್ನು ಐದು ನಿಮಿಷದಲ್ಲಿ ಹೇಳುವುದು. ಉಳಿದಂತೆ ಎಲ್ಲರಿಗೂ ಒಂದೇ ಕಟ್ಟಳೆ, ಮಾತಾಡುವ ಮೊದಲು ಸಾಲಿನ ಸಂಖ್ಯೆ ಹೇಳಬೇಕು. ‘ಏಳನೆಯ ಸಾಲಿನಲ್ಲಿ ನೋಡಿ ರಾಯರೇ’ ಎಂದು ಶುರುವಾದ ಮಾತು ಊರಾಚೆ ಹೋಗುವುದಿಲ್ಲ. ಫೋನಿನಲ್ಲಿ ಬಂದ ಸುಭಾಷಿತ ಓದುವುದಕ್ಕೂ ಅದೇ ಕಟ್ಟಳೆ ತಡೆ. ಇನ್ನೊಂದು, ಮನೆಯೊಡತಿ ಒಳಗೆ ಚಹಾ ಸೋಸುತ್ತ ಉಳಿದುಬಿಡುವುದು. ಭಕ್ತನ ಹೆಂಡತಿಯ ಬಗ್ಗೆ ಗಂಡಸರು ಹೊರಗೆ ಕೂತು ಮಾತಾಡುವುದು, ಹೆಂಗಸರು ಅಡುಗೆಮನೆಯಲ್ಲಿರುವುದು ಆಗಕೂಡದು. ಚಹಾ ಥರ್ಮಾಸ್‌ನಲ್ಲಿ ತುಂಬಿಡಿ, ಖಿಚಡಿ ಬಡಿಸುವುದನ್ನು ಗಂಡಸರಿಗೆ ಒಪ್ಪಿಸಿ, ಆರಕ್ಕೆ ಎಲ್ಲರೂ ಕೂತ ಮೇಲೆಯೇ ಮಾತು ಶುರುವಾಗಲಿ.

ಏಳಕ್ಕೆ ಮುಂದಿನ ಕೂಟದ ವಿಷಯ ಗೊತ್ತುಮಾಡಿಕೊಂಡು ಏಳಿ. ಇದಕ್ಕೆ ಸಹಜವಾಗಿ ಹೊಂದುವುದು ಬಹಿಣಾಬಾಯಿ, 1628ರಲ್ಲಿ ಹುಟ್ಟಿದವರು, ತುಕಾರಾಮರ ಶಿಷ್ಯೆ. ಅಲ್ಲಿ ಭಕ್ತಿ ಹೆಂಡತಿಯದು, ಸಿಟ್ಟು ಗಂಡನದು. ಬ್ರಾಹ್ಮಣ ಮನೆಯ ಹೆಣ್ಣುಮಗಳು ಶೂದ್ರ ಗುರುವನ್ನು ಮನಸ್ಸಿನಲ್ಲಿ ಇಟ್ಟುಕೊಂಡದ್ದಕ್ಕೆ ಗಂಡ ಹೊಡೆದದ್ದನ್ನು ತಮ್ಮ ಆತ್ಮಕಥೆಯ ಅಭಂಗಗಳಲ್ಲಿ ಅವರೇ ಹೇಳಿದ್ದಾರೆ. ಅದರ ಜೊತೆಗೆ ಅಕ್ಕಮಹಾದೇವಿಯ ಎರಡು ವಚನ ಸಾಕು. ಅಭಂಗಗಳನ್ನು ಕನ್ನಡ ಲಿಪಿಗೆ ಇಳಿಸುವುದು ಒಬ್ಬರಿಗೆ, ವಚನಗಳ ಪಾಠ ಹೋಲಿಸುವುದು ಇನ್ನೊಬ್ಬರಿಗೆ, ಹಾಡು ಮೂರನೆಯವರಿಗೆ ಎಂದು ಅಲ್ಲೇ ಹಂಚಿಬಿಡಿ. ಹಾಳೆ ಸಿದ್ಧವಾಗಲು ಮೂರು ವಾರವಾದರೂ ಬೇಕು.